ಬೆಸುಗೆ ಹಾಕಿದ ಸೀಟು

ನಮ್ಮ ಮನೆಯಲ್ಲಿ ಯಾರು ಎಲ್ಲಿ ಕೂಡಬೇಕೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಬೆಂಗೇರಿಯ ಆ ಮೂರು ಖೋಲಿಯ ಮನೆಯ ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಅಪ್ಪ ಕೂಡುತ್ತಿದ್ದ, ಅವನ ಬಲಕ್ಕೆ ನನ್ನ ತಮ್ಮ ಮಿಲಿಂದ. ಹಂಚಿನಿಂದ ಎತ್ತಿದ ರೊಟ್ಟಿ ನೇರವಾಗಿ ಅವರಿಬ್ಬರ ತಾಟಿಗೆ ಬೀಳುತ್ತಿತ್ತು. ನನ್ನ ಜಾಗ ಬಾಗಿಲ ಬಳಿ, ನೀರಿನ ತಂಬಿಗೆ ಕೈಗೆಟಕುವಲ್ಲಿ. ನೀರು ಕೊಡಬೇಕಾದವಳು ನಾನು. ಅವ್ವ ಒಲೆಯ ಮುಂದೆ ನಿಂತೇ ಇರುತ್ತಿದ್ದಳು. ಮುಗದದ ಸರಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಅವಳು ಬೆಳಗಿನ ಪ್ಯಾಸೆಂಜರ್ ರೈಲು ಹಿಡಿಯುವ ಮೊದಲು ನಾಲ್ವರಿಗಾಗುವಷ್ಟು ರೊಟ್ಟಿ ಬಡಿದು, ಪಲ್ಯ ಮಾಡಿ, ನಮ್ಮ ಡಬ್ಬಿಗಳನ್ನು ಕಟ್ಟಿ, ತನ್ನ ಪಾಲಿನ ರೊಟ್ಟಿಯನ್ನು ಶೇಂಗಾ ಚಟ್ನಿಯೊಂದಿಗೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಓಡುತ್ತಿದ್ದಳು. ಅವಳು ನೆಲಕ್ಕೆ ಕೂತು ಬಿಸಿ ರೊಟ್ಟಿ ಉಂಡ ಒಂದು ದಿನವನ್ನು ನೆನಪಿನಲ್ಲಿ ಹುಡುಕುತ್ತೇನೆ, ಸಿಗುವುದಿಲ್ಲ. ಮನೆಗೆ ಕಾರು ಬಂದಾಗ ಅಡುಗೆಮನೆಯ ಈ ಏರ್ಪಾಡು ಹಾಗೆಯೇ ಎದ್ದುಹೋಗಿ ಕಾರಿನೊಳಗೆ ಕೂತಿತು: ಮುಂದೆ ಅಪ್ಪ ಮತ್ತು ಮಿಲಿಂದ, ಹಿಂದೆ ಅವ್ವ ಮತ್ತು ನಾನು. ನನಗಾಗ ಹದಿಮೂರು, ಮಿಲಿಂದನಿಗೆ ಎಂಟು. ಎಂಟು ವರ್ಷದ ಗಂಡುಮಗುವಿಗೆ ಮುಂದಿನ ಸೀಟು, ನಲವತ್ತು ದಾಟಿದ ಶಿಕ್ಷಕಿಗೆ ಹಿಂದಿನದು. ಇದನ್ನು ಈಗ ಅನ್ಯಾಯವೆಂದು ಬರೆಯುತ್ತಿದ್ದೇನೆ. ಆಗ ನಾನು ಇದನ್ನು ಸಂಸಾರವೆಂದು ತಿಳಿದಿದ್ದೆ.

ಕಾರು ಹೊಸದಲ್ಲ. ಗೋಕುಲ ರಸ್ತೆಯ ಕಾರ್ಖಾನೆಯವರ ಮಗನೊಬ್ಬ ಎರಡು ವರ್ಷ ಓಡಿಸಿ, ಪೆಟ್ರೋಲು ಕುಡಿಯುತ್ತದೆಂದು ಬೇಸತ್ತು ಬಿಟ್ಟದ್ದು. ಕೆಂಪು ಬಣ್ಣ, ಮೋಟು ಮೂತಿ, ಹಿಂದೆ ಡಿಕ್ಕಿಯ ಬದಲು ಮೇಲಕ್ಕೆ ತೆರೆಯುವ ಐದನೆಯ ಬಾಗಿಲು. ನೋಡಲು ಸಣ್ಣ ಸಂಸಾರದ ಸಾಧು ಗಾಡಿ. ಆದರೆ ದೊಡ್ಡ ಕಾರಿಗೆ ಸಲ್ಲಬೇಕಾದ ಎಂಜಿನನ್ನು ಅದರ ಪುಟ್ಟ ಹೊಟ್ಟೆಯಲ್ಲಿ ತುರುಕಿದ್ದರು. ಕಾಲು ತುಸು ಒತ್ತಿದರೆ ಸಾಕು, ಕಟ್ಟು ಹರಿದ ಕರುವಿನಂತೆ ಜಿಗಿಯುತ್ತಿತ್ತು. ನಾವು ಅದನ್ನು ಕೆಂಪಿ ಎಂದು ಕರೆದೆವು. ಅಪ್ಪ ಸರಕಾರಿ ಕಚೇರಿಯೊಂದರ ಜೀಪಿನ ಚಾಲಕ. ಇಪ್ಪತ್ತು ವರ್ಷ ಬಿಳಿ ಸಮವಸ್ತ್ರ ತೊಟ್ಟು ಅಧಿಕಾರಿಗಳಿಗೆ ಬಾಗಿಲು ತೆರೆದವನು, ಅವರ ಮಕ್ಕಳನ್ನು ಶಾಲೆಗೂ ಹೆಂಡಂದಿರನ್ನು ಮದುವೆಗೂ ಮುಟ್ಟಿಸಿದವನು, ಕ್ಯಾಂಪಿನಲ್ಲಿ ಅವರು ಒಳಗೆ ಉಣ್ಣುವಾಗ ಜೀಪಿನ ನೆರಳಲ್ಲಿ ಡಬ್ಬಿ ಬಿಚ್ಚಿದವನು. ಒಂದೆರಡು ಊರುಗಳಲ್ಲಿ ಅವನ ಜಾತಿ ಕೇಳಿ ತಿಳಿದ ಮೇಲೆ ಚಹಾ ಬೇರೆ ಲೋಟದಲ್ಲಿ ಬರುತ್ತಿತ್ತು. ಅವನು ಅದನ್ನು ಕುಡಿಯದೆ ಜೀಪಿನ ಗಾಲಿಗೆ ಸುರಿಯುತ್ತಿದ್ದನೆಂದು ಅವ್ವ ಹೇಳಿದ್ದಾಳೆ. ಇಂಥ ಮನುಷ್ಯ ಯಾವ ಕಾರು ಕೊಳ್ಳಬೇಕು? ಬಂಧುಗಳು ನಾಲ್ಕು ಜನ ಆರಾಮಾಗಿ ಕೂಡುವ, ಪೆಟ್ರೋಲು ಉಳಿಸುವ ಗಾಡಿಗಳ ಹೆಸರು ಹೇಳಿದರು. ಅಪ್ಪ ಎಲ್ಲರ ಮಾತು ಕೇಳಿಸಿಕೊಂಡು ಕೆಂಪಿಯನ್ನು ತಂದ.

"ಇಪ್ಪತ್ತ ವರ್ಷ ಮಂದಿ ಹೇಳಿದ ಸ್ಪೀಡಿನ್ಯಾಗ ಹೊಡದೇನಿ," ಎಂದ. "ಇದು ನನ್ನ ಸ್ಪೀಡು."

ಅವನ ಆ ಮಾತನ್ನು ನಾನು ಇಂದಿಗೂ ಒಪ್ಪುತ್ತೇನೆ. ಆದರೆ ಗಾಡಿಯ ಕಾಗದ ಆದದ್ದು ಅವ್ವನ ಹೆಸರಿಗೆ. ಡ್ರೈವರನೊಬ್ಬ ಇಂಥ ಕಾರು ಹೇಗೆ ಕೊಂಡನೆಂದು ಕಚೇರಿಯಲ್ಲಿ ಗುಸುಗುಸು ಏಳುತ್ತದೆಂಬ ಭಯ ಅಪ್ಪನಿಗಿತ್ತು. ಸಾಹೇಬರ ಸಮಾನಕ್ಕೆ ಕಾರು ಕೊಂಡದ್ದೇ ಅಪರಾಧವೆನಿಸುವ ಕಚೇರಿ ಅದು. ಹೀಗಾಗಿ ಕಾನೂನಿನ ಪ್ರಕಾರ ಕೆಂಪಿಯ ಒಡತಿ ಸುಶೀಲಾ, ಅಂದರೆ ನನ್ನ ಅವ್ವ. ಅವಳ ಹೆಸರಿದ್ದ ಆರ್.ಸಿ. ಪುಸ್ತಕ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಇರುತ್ತಿತ್ತು. ಕೀಲಿಕೈ ಮಾತ್ರ ಪಡಸಾಲೆಯ ಗೋಡೆಯ ಮೊಳೆಯಲ್ಲಿ, ಬುದ್ಧನ ಪಟ ಮತ್ತು ನೀಲಿ ಕೋಟು ತೊಟ್ಟ ಆ ಮಹನೀಯರ ಭಾವಚಿತ್ರ ಇವೆರಡರ ನಡುವೆ ತೂಗುತ್ತಿತ್ತು. ಅದನ್ನು ಒರೆಸಲು ಅವ್ವನಿಗೆ ಅನುಮತಿಯಿತ್ತು, ತೆಗೆಯಲು ಇರಲಿಲ್ಲ.

ಎದುರುಮನೆಯಲ್ಲಿ ನಿವೃತ್ತ ಕಂದಾಯ ಅಧಿಕಾರಿಯೊಬ್ಬರಿದ್ದರು. ಓಣಿಯವರೆಲ್ಲ ಅವರನ್ನು ರಾವಸಾಹೇಬರೆಂದು ಕರೆಯುತ್ತಿದ್ದರು. ಕೆಂಪಿ ಬಂದ ಮೊದಲ ದಿನ ಅವರು ಕಟ್ಟೆಯ ಮೇಲಿನಿಂದ ಅಪ್ಪನಿಗೆ ಕೂಗಿ ಕೇಳಿದರು:

"ಏನಪಾ, ಸಾಹೇಬ್ರ ಗಾಡಿ ಮನಿಗೇ ತಂದೀಯಲ್ಲ ಇವತ್ತ?"

"ನಮ್ದ ಐತ್ರೀ ಸಾಹೇಬ್ರ."

"ನಿಮ್ದ? ಅಡ್ಡಿಯಿಲ್ಲ, ಅಡ್ಡಿಯಿಲ್ಲ. ಕಾಲ ಬದಲಾತು."

ಮರುದಿನವೂ ಅದೇ ಪ್ರಶ್ನೆ, ಅದರ ಮರುವಾರವೂ ಅದೇ ಪ್ರಶ್ನೆ. ಉತ್ತರ ಗೊತ್ತಿದ್ದವರು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದಕ್ಕೆ ಮರೆವು ಕಾರಣವಲ್ಲ. ಒಂದು ದಿನ ಧಾರವಾಡದ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕಾಗಿ ಅವರೇ ನಮ್ಮ ಗೇಟಿಗೆ ಬಂದರು. ಮಿಲಿಂದನಿಗೆ ಜ್ವರವಿದ್ದದ್ದರಿಂದ ಅಂದು ಅಪ್ಪನ ಜೊತೆ ನಾನೊಬ್ಬಳೇ ಹೊರಟಿದ್ದೆ. ಹಿರಿಯರೆಂದು ನಾನು ಮುಂದಿನ ಬಾಗಿಲು ತೆರೆದು ನಿಂತೆ. ಅವರು ನನ್ನನ್ನು ದಾಟಿ, ತಾವೇ ಹಿಂದಿನ ಬಾಗಿಲು ತೆಗೆದು, ಸೀಟಿನ ನಟ್ಟನಡುವೆ ಕೂತು, ಎರಡೂ ಕೈ ಚಾಚಿ ಒರಗಿದರು. ಅಪ್ಪನ ಸ್ವಂತ ಕಾರಿನಲ್ಲಿ, ಅಪ್ಪ ರಜೆಯ ದಿನದ ಬಣ್ಣದ ಅಂಗಿ ತೊಟ್ಟಿದ್ದಾಗ, ಅಷ್ಟು ಸಲೀಸಾಗಿ ಅವರು ಅವನನ್ನು ಮತ್ತೆ ಡ್ರೈವರನನ್ನಾಗಿ ಮಾಡಿಬಿಟ್ಟರು. ಅಪ್ಪ ಕನ್ನಡಿಯಲ್ಲಿ ಒಮ್ಮೆ ನೋಡಿದ. ಉಣಕಲ್ ಕೆರೆ ದಾಟುವತನಕ ನಿಧಾನಕ್ಕೆ ಓಡಿಸಿದ. ನವನಗರ ಕಳೆದ ಮೇಲೆ ಗೇರು ಇಳಿಸಿದ. ಆ ಗಾಡಿಯ ಗುಟ್ಟು ಗೊತ್ತಿದ್ದವರು ವೇಗ ಹೆಚ್ಚಿಸುವ ಮೊದಲು ಗೇರು ಇಳಿಸುತ್ತಾರೆ. ಒಂದು ಕ್ಷಣ ಎಂಜಿನು ಗುರುಗುಟ್ಟಿ, ಆಮೇಲೆ ಬೆನ್ನು ಸೀಟಿಗೆ ಅಂಟುತ್ತದೆ. ನವಲೂರಿನ ಏರಿನಲ್ಲಿ ನಾವು ಉದ್ದನೆಯ ಬಿಳಿಯ ಕಾರೊಂದನ್ನು ಹಿಂದಕ್ಕೆ ಹಾಕಿದೆವು, ಅದರ ಮುಂದಿನ ಜೀಪನ್ನು ಹಾಕಿದೆವು, ಜೀಪಿನ ಮುಂದಿನ ಇನ್ನೊಂದು ಬಿಳಿಯ ಕಾರನ್ನೂ.

"ಸಾವಕಾಶ ಹೋಗಪಾ, ಸಾವಕಾಶ!" ಹಿಂದಿನಿಂದ ರಾವಸಾಹೇಬರ ದನಿ ಕಂಪಿಸಿತು.

"ಸಾವಕಾಶ ಬೇಕಾಗಿದ್ರ ಮುಂದ ಬಂದ ಕುಂಡ್ರಿ ಸಾಹೇಬ್ರ," ಎಂದ ಅಪ್ಪ. "ಹಿಂದ ಕುಂತವ್ರಿಗೆ ಇದ ರೇಟು."

ಅವರು ಮುಂದೆ ಬರಲಿಲ್ಲ. ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಅವುಚಿಕೊಂಡೇ ಧಾರವಾಡ ಮುಟ್ಟಿದರು. ಆ ದಿನ ಆ ಸಣ್ಣ ಕೆಂಪು ಗಾಡಿ ನನಗೆ ನ್ಯಾಯದ ಹಾಗೆಯೇ ಕಂಡಿತ್ತು. ಈಗಲೂ ಅಂಥ ಗಾಡಿಯನ್ನು ಬೀದಿಯಲ್ಲಿ ಕಂಡರೆ ಎದೆ ಹಾರುತ್ತದೆ. ಸಣ್ಣದಾಗಿದ್ದುಕೊಂಡೇ ದೊಡ್ಡದಕ್ಕೆ ದಾರಿ ಬಿಡದಿರುವುದು, ಸದ್ದು ಮಾಡದ ಮೂತಿಯ ಹಿಂದೆ ಅಷ್ಟು ಬಲ ಬಚ್ಚಿಟ್ಟುಕೊಂಡಿರುವುದು. ನಮ್ಮಂಥವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಸೆ ಇನ್ನೇನಿರಲು ಸಾಧ್ಯ? ನನ್ನ ಸಿಟ್ಟು ಇಷ್ಟು ವರ್ಷ ಆರದೆ ಉಳಿದದ್ದು ನಾನು ಕೆಂಪಿಯನ್ನು ದ್ವೇಷಿಸಿದ್ದಕ್ಕಲ್ಲ, ಪ್ರೀತಿಸಿದ್ದಕ್ಕೆ.

ದಸರೆಯ ಆಯುಧ ಪೂಜೆಯ ದಿನ ಓಣಿಯ ಗಾಡಿಗಳಿಗೆಲ್ಲ ಕುಂಕುಮ, ಚೆಂಡುಹೂವು, ಗಾಲಿಯ ಕೆಳಗೆ ನಿಂಬೆಹಣ್ಣು. ಅಪ್ಪ ಅದೊಂದನ್ನೂ ಒಪ್ಪುತ್ತಿರಲಿಲ್ಲ. ಬದಲಿಗೆ ನಮ್ಮ ಮನೆಯಲ್ಲಿ ಬೇರೆ ಪದ್ಧತಿಯಿತ್ತು. ತೊಳೆದ ಕೆಂಪಿಯ ಮುಂದೆ ನಾವು ನಾಲ್ವರೂ ಸಾಲಾಗಿ ನಿಲ್ಲಬೇಕು. ಅಪ್ಪ ಸಂವಿಧಾನದ ಪೀಠಿಕೆಯನ್ನು ಗಟ್ಟಿಯಾಗಿ ಓದಿಸಬೇಕು. ನಾವು ಸಾಲುಸಾಲಾಗಿ ಹೇಳಬೇಕು. ಆಚೆ ರಸ್ತೆಯಲ್ಲಿ ಕುಂಬಳಕಾಯಿ ಒಡೆಯುವ ಸದ್ದು, ಈಚೆ ನಮ್ಮ ನ್ಯಾಯ, ಸ್ವಾತಂತ್ರ್ಯ, ಸಮಾನತೆ. ಓಣಿಯವರು ನಕ್ಕರು. ನಾನು ಮಾತ್ರ ಆ ಪದಗಳನ್ನು ನಂಬಿದೆ. ಅಪ್ಪ ಓದಿಸಿದ್ದನ್ನೆಲ್ಲ ಅಕ್ಷರಶಃ ನಂಬಿದೆ. ನಾನು ಏನಾಗಿದ್ದೇನೋ ಅದು ಆದದ್ದು ಆ ಬಾನೆಟ್ಟಿನ ಮುಂದೆ. ಓದು ಮುಗಿದೊಡನೆ ಅಪ್ಪ ಕೀಲಿಕೈ ತಿರುವುತ್ತಿದ್ದ, ಮಿಲಿಂದ ಮುಂದೆ ಹತ್ತುತ್ತಿದ್ದ, ಸಮಾನತೆಯನ್ನು ಈಗಷ್ಟೇ ಉಚ್ಚರಿಸಿದ ಅವ್ವ ಹಿಂದಿನ ಬಾಗಿಲಿಗೆ ನಡೆಯುತ್ತಿದ್ದಳು. ಈ ವೈರುಧ್ಯ ಅಪ್ಪನಿಗೆ ಕಾಣಲಿಲ್ಲವೆಂದು ಹೇಳಿ ಅವನನ್ನು ಕ್ಷಮಿಸುವವರಿದ್ದಾರೆ. ಹಿಂದಿನ ಸೀಟಿನ ಅರ್ಥವನ್ನು ರಾವಸಾಹೇಬರಿಂದ ಚೆನ್ನಾಗಿ ಕಲಿತಿದ್ದ ಮನುಷ್ಯನಿಗೆ ಅದು ಕಾಣಲಿಲ್ಲವೆಂಬುದನ್ನು ನಾನು ಒಪ್ಪುವುದಿಲ್ಲ.

ಭಾನುವಾರ ಕೆಂಪಿಗೆ ಸ್ನಾನ. ತೊಳೆಯುವವರು ಅವ್ವ ಮತ್ತು ನಾನು. ಅಪ್ಪ ಖುರ್ಚಿ ಹಾಕಿಕೊಂಡು ಕೂತು ಕಲೆ ಉಳಿದಲ್ಲಿ ಬೆರಳು ತೋರಿಸುತ್ತಿದ್ದ. ಅವನು ಊಟ ಮಾಡಿ ಮಲಗಿದ ಮೇಲೆ ಅವ್ವ ಒಳಭಾಗ ಒರೆಸುತ್ತಿದ್ದಳು. ಸ್ಟೀರಿಂಗಿನ ಮುಂದೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆಯಿಂದ ಗೇರಿನ ಗುಂಡನ್ನು ತಿಕ್ಕುತ್ತ ತಿಕ್ಕುತ್ತ ಅವಳ ಎಡಗೈ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಗುವುದನ್ನು, ಕಾಲು ಸದ್ದಿಲ್ಲದೆ ಕ್ಲಚ್ಚು ಒತ್ತುವುದನ್ನು ನಾನು ಕಂಡೆ. ಅವಳು ಗಿಡ್ಡ. ಕ್ಲಚ್ಚು ಪೂರ್ತಿ ಮುಟ್ಟಲು ಸೀಟಿನ ಅಂಚಿಗೆ ಜಾರಬೇಕಾಗುತ್ತಿತ್ತು.

"ಅವ್ವಾ, ನಿನಗ ಬರತೈತೇನ?"

"ಶ್! ಒರಸಾಕತ್ತೇನಿ."

ಅವಳಿಗೆ ಬರುತ್ತಿತ್ತು. ಶಾಲೆ ಬಿಟ್ಟ ಮೇಲೆ ಧಾರವಾಡದಲ್ಲಿ ಇಳಿದು, ಎರಡು ತಿಂಗಳು, ಕಲಿಯುವವರ ಬೋರ್ಡು ಹೊತ್ತ ಹಳೆಯ ಕಾರಿನಲ್ಲಿ ಯಾರಿಗೂ ತಿಳಿಯದಂತೆ ಕಲಿತು, ಪರೀಕ್ಷೆ ಕೊಟ್ಟು, ಲೈಸೆನ್ಸು ಪಡೆದಿದ್ದಳು. ಮನೆಯಲ್ಲಿ ಅದನ್ನು ಇಡಲು ಜಾಗವಿರಲಿಲ್ಲ. ಮುಗದದ ಶಾಲೆಯ ಕಪಾಟಿನಲ್ಲಿ, ಹಾಜರಿ ಪುಸ್ತಕಗಳ ನಡುವೆ ಇಟ್ಟಿದ್ದಳು. ತನ್ನದೇ ಹೆಸರಿನ ಕಾರು, ತನ್ನದೇ ಹೆಸರಿನ ಲೈಸೆನ್ಸು; ಎರಡರ ನಡುವೆ ಮೂವತ್ತು ಕಿಲೋಮೀಟರು ಮತ್ತು ಒಬ್ಬ ಗಂಡ.

ಅವೆರಡೂ ಒಂದಾದದ್ದು ಒಂದೇ ಒಂದು ದಿನ. ಮುಗದದ ಮಕ್ಕಳಿಗೆ ವಾರ್ಷಿಕ ಪರೀಕ್ಷೆ. ಪ್ರಶ್ನೆಪತ್ರಿಕೆಗಳಿದ್ದ ಕಪಾಟಿನ ಕೀಲಿಕೈ ಅವ್ವನ ಬಳಿ. ಸ್ಟೇಷನ್ನಿಗೆ ಹೋದರೆ ಹಳಿಯ ಕೆಲಸದಿಂದ ಬೆಳಗಿನ ರೈಲು ರದ್ದಾಗಿತ್ತು. ಬಸ್ಸು ಹಿಡಿದರೆ ಪರೀಕ್ಷೆಯ ಹೊತ್ತಿಗೆ ಮುಟ್ಟುವುದಿಲ್ಲ. ಅಪ್ಪ ಸಾಹೇಬರೊಂದಿಗೆ ಕ್ಯಾಂಪಿಗೆ ಹೋಗಿದ್ದ, ಬರುವುದು ಸಂಜೆಗೆ. ಮನೆಗೆ ಮರಳಿದ ಅವ್ವ ಮೊಳೆಯ ಮುಂದೆ ನಿಂತಳು. ನನಗೆ ರಜೆ; ಮಿಲಿಂದ ಶಾಲೆಗೆ ಹೋಗಿಯಾಗಿತ್ತು.

"ನಲವತ್ತ ಹುಡುಗ್ರು ದಾರಿ ಕಾಯಾಕತ್ತಿರತಾವ," ಎಂದಳು, ನನಗಲ್ಲ, ಗೋಡೆಯ ಪಟಗಳಿಗೆ. ಆಮೇಲೆ ಕೀಲಿಕೈ ತೆಗೆದಳು. "ಪ್ರಜ್ಞಾ, ಬಾ. ಮುಂದ ಕುಂಡ್ರು."

ಸೀಟಿನ ಕೆಳಗೆ ಕೈಹಾಕಿ ಕಂಬಿ ಎತ್ತಿ, ಕಟ್ ಕಟ್ ಕಟ್ ಎಂದು ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಗೇಟಿನಿಂದ ಹೊರಬರುವಾಗ ಗಾಡಿ ಎರಡು ಸಲ ನಿಂತಿತು. ಉಣಕಲ್ ತನಕ ಅವಳು ಉಸಿರೇ ಬಿಡಲಿಲ್ಲ. ನವಲೂರಿನ ಏರಿನ ಬುಡದಲ್ಲಿ ಲಾರಿಯೊಂದು ಕುಂಟುತ್ತ ಹತ್ತುತ್ತಿತ್ತು. ಅವಳು ಕನ್ನಡಿ ನೋಡಿದಳು, ಗೇರು ಇಳಿಸಿದಳು. ಅಪ್ಪನ ಹಾಗೆಯೇ. ಹಿಂದಿನ ಸೀಟಿನಿಂದ ಇಷ್ಟು ದಿನ ಅವಳು ನೋಡಿದ್ದು ರಸ್ತೆಯನ್ನಲ್ಲ, ಅವನ ಕೈಯನ್ನು. ಕೆಂಪಿ ಗುರುಗುಟ್ಟಿತು, ಜಿಗಿಯಿತು, ಲಾರಿ ಹಿಂದೆ ಬಿತ್ತು. ಅವ್ವ ನಕ್ಕಳು. ಅಷ್ಟು ದೊಡ್ಡದಾಗಿ, ಹಲ್ಲೆಲ್ಲ ಕಾಣುವಂತೆ ಅವಳು ನಗಬಲ್ಲಳೆಂಬುದು ನನಗೆ ಅಲ್ಲಿಯತನಕ ತಿಳಿದಿರಲಿಲ್ಲ. ಮುಗದದ ಶಾಲೆಯ ಮುಂದೆ ಧೂಳೆಬ್ಬಿಸಿ ನಿಂತಾಗ ಮಕ್ಕಳು ಸಾಲು ಮುರಿದು ಓಡಿಬಂದರು.

"ಅಕ್ಕೋರು ಗಾಡಿ ಹೊಡಕೊಂಡ ಬಂದಾರೋ! ಅಕ್ಕೋರ, ನೀವ ಹೊಡದ್ರೇನ್ರೀ?"

"ಮತ್ಯಾರು, ನಿಮ್ಮಜ್ಜ ಹೊಡದನೇನು? ನಡೀರಿ ಒಳಗ, ಪೆನ್ನು ತಗೀರಿ."

ಮಧ್ಯಾಹ್ನ ಮರಳಿ ಬಂದು ಗಾಡಿ ತೊಳೆದೆವು. ಗಾಲಿಗಳಿಗೆ ಗುರುತಾಗಿ ಅಪ್ಪ ಇಟ್ಟಿದ್ದ ಇಟ್ಟಿಗೆಗಳಿಗೆ ಸರಿಯಾಗಿ ನಿಲ್ಲಿಸಿದೆವು. ಮುಗದದ ಕೆಂಪುಮಣ್ಣನ್ನು ಗಾಲಿಯ ಸಂದಿಯಿಂದ ಕಡ್ಡಿಯಲ್ಲಿ ಕೆದಕಿ ತೆಗೆದೆ. ಕೀಲಿಕೈ ಮೊಳೆಗೆ ಹೋಯಿತು. ಎಲ್ಲವೂ ಸರಿಯಾಗಿತ್ತು. ಮರುದಿನ ಬೆಳಗ್ಗೆ ಅಪ್ಪ ಗಾಡಿಯೊಳಗೆ ಕೂಡಲು ಹೋದ. ಅವನ ಮೊಣಕಾಲು ಸ್ಟೀರಿಂಗಿನ ಕೆಳಗೆ ಧಡ್ಡೆಂದು ಬಡಿಯಿತು. ಬೇರೆಯವರಾಗಿದ್ದರೆ ಬೈದುಕೊಂಡು ಸರಿಸುತ್ತಿದ್ದರೇನೋ. ಇಪ್ಪತ್ತು ವರ್ಷ ಒಂದೇ ಅಳತೆಯಲ್ಲಿ ಕೂತ ಚಾಲಕನಿಗೆ ಸೀಟು ಮೂರು ಕಚ್ಚು ಮುಂದೆ ಹೋದದ್ದು ಎಂಥ ಸಾಕ್ಷಿಯೆಂದು ನಾವಿಬ್ಬರೂ ಯೋಚಿಸಿರಲಿಲ್ಲ.

"ಸೀಟ ಯಾರ ಸರಿಸ್ಯಾರ?"

ಅವ್ವ ಅಡುಗೆಮನೆಯಲ್ಲಿದ್ದಳು. ಗೇಟಿನ ಬಳಿ ಇದ್ದವಳು ನಾನು. ಸುಳ್ಳು ಹೇಳಬಹುದಿತ್ತು. ಆದರೆ ನಾನು ಹೆದರಿ ಹೇಳಲಿಲ್ಲ, ಹೆಮ್ಮೆಯಿಂದ ಹೇಳಿದೆ. ದಸರೆಯಲ್ಲಿ ಆ ಮಾತುಗಳನ್ನು ಓದಿಸಿದ ಮನುಷ್ಯನಿಗೆ ಇದಕ್ಕಿಂತ ಸಂತೋಷದ ಸುದ್ದಿ ಇನ್ನೊಂದಿಲ್ಲವೆಂದು ತಿಳಿದು ಹೇಳಿದೆ.

"ಅವ್ವ, ಅಪ್ಪಾ! ಮುಗದಕ್ಕ ಹೊಡಕೊಂಡ ಹೋಗಿದ್ಲು! ನವಲೂರ ಏರಿನ್ಯಾಗ ಲಾರಿ ಹಿಂದ ಹಾಕಿದ್ಲು!"

ಅಪ್ಪನ ಮುಖದಲ್ಲಿ ಮೊದಲು ಮೂಡಿದ್ದು ಸಿಟ್ಟಲ್ಲ. ಇದನ್ನು ಪ್ರಾಮಾಣಿಕವಾಗಿ ದಾಖಲಿಸಬೇಕು. ಒಂದು ಕ್ಷಣ ಅವನ ಹುಬ್ಬು ಏರಿತು, ತುಟಿಯ ಕೊನೆಯಲ್ಲಿ ನಗುವಿನಂಥದ್ದೇನೋ ಬಂತು. ಅಷ್ಟರಲ್ಲಿ ಎದುರಿನ ಕಟ್ಟೆಯಿಂದ ರಾವಸಾಹೇಬರ ದನಿ ಬಂತು.

"ನಾನೂ ನೋಡಿದೆನಪಾ ನಿನ್ನಿ! ಡ್ರೈವರನ ಮನ್ಯಾಗ ಮತ್ತೊಬ್ಬ ಡ್ರೈವರು! ಛಲೋ ಆತು, ಇನ್ನ ಪಾಳಿ ಮ್ಯಾಲೆ ಹೊಡೀರಿ."

ಆ ನಗು ಅಲ್ಲೇ ಸತ್ತಿತು. ರಾವಸಾಹೇಬರಿಗೆ ಕೊಡಬೇಕಾಗಿದ್ದ ಉತ್ತರವನ್ನು ಅಪ್ಪ ಅಡುಗೆಮನೆಗೆ ಒಯ್ದ.

"ಮಂದಿ ಮುಂದ ನನ್ನ ಮರ್ಯಾದಿ ತಗದಿ."

"ಲೈಸೆನ್ಸ್ ಐತ್ರೀ ನನ್ನ ಕಡೆ."

"ಯಾರ್ನ ಕೇಳಿ ತಗೊಂಡಿ?"

"ಸರಕಾರನ ಕೇಳಿ ತಗೊಂಡೇನ್ರಿ," ಎಂದಳು ಅವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಅವನು ಕೈ ಎತ್ತಲಿಲ್ಲ. ಗಾಡಿಯ ಬಳಿ ಬಂದು, ಸೀಟಿನ ಕಂಬಿ ಹಿಡಿದು ಎಂಥ ರಭಸದಿಂದ ಹಿಂದಕ್ಕೆ ಜಗ್ಗಿದನೆಂದರೆ ಕಂಬಿಯೇ ಮುರಿದು ಕೈಗೆ ಬಂತು. ಹಿಡಿತ ತಪ್ಪಿದ ಸೀಟು ಬ್ರೇಕು ಹಾಕಿದಾಗಲೆಲ್ಲ ಮುಂದಕ್ಕೆ ಜಾರತೊಡಗಿತು. ಆ ಭಾನುವಾರ ಅವನು ನನ್ನನ್ನೂ ಕೂಡಿಸಿಕೊಂಡು ಹಳೇ ಹುಬ್ಬಳ್ಳಿಯ ದಸ್ತಗೀರ ಮಿಸ್ತ್ರಿಯ ಗ್ಯಾರೇಜಿಗೆ ಹೋದ. ಮಿಸ್ತ್ರಿ ಬಗ್ಗಿ ನೋಡಿ ತಲೆಯಾಡಿಸಿದ.

"ಅಣ್ಣಾ, ಎಂಟ ದಿನ ತಡೀರಿ. ಹೊಸಾ ಕಂಬಿ ತರಸ್ತೇನಿ."

"ಬ್ಯಾಡ. ವೆಲ್ಡಿಂಗ್ ಹೊಡದ ಬಿಡು, ನನ್ನ ಅಳತಿಗೆ."

"ಸೀಟಿಗೆ ವೆಲ್ಡಿಂಗ್ ಹೊಡೀಬಾರದ್ರೀ. ನಾಳೆ ಮತ್ತೊಬ್ರು ಕುಂಡ್ರಬೇಕಂದ್ರ?"

"ಮತ್ತ್ಯಾರ ಕುಂಡ್ರತಾರ?"

ನೀಲಿ ಬೆಂಕಿ ಚಿಮ್ಮಿತು. ನೋಡಬೇಡವೆಂದು ಮಿಸ್ತ್ರಿ ನನಗೆ ಹೇಳಿದ, ನಾನು ನೋಡಿದೆ. ಎಡಕ್ಕೊಂದು, ಬಲಕ್ಕೊಂದು ಬೆಸುಗೆ. ಅಂದಿನಿಂದ ಕೀಲಿಕೈ ಮೊಳೆಯಿಂದ ಇಳಿದು ಅಪ್ಪನ ಅಂಗಿಯ ಕಿಸೆಗೆ ಹೋಯಿತು. ಮೊಳೆ ಎರಡು ಪಟಗಳ ನಡುವೆ ಬರಿದಾಗಿ ಉಳಿಯಿತು. ಮುಂದಿನ ದಸರೆಯಲ್ಲೂ ಅಪ್ಪ ಪೀಠಿಕೆ ಓದಿಸಿದ. ನಾನು ತುಟಿ ಅಲ್ಲಾಡಿಸಿದೆ, ದನಿ ಹೊರಡಿಸಲಿಲ್ಲ.

ಮಿಲಿಂದ ಹದಿನಾರಕ್ಕೇ ಅಪ್ಪನ ಎತ್ತರಕ್ಕೆ ಬೆಳೆದ. ಬೆಸುಗೆ ಹಾಕಿದ ಸೀಟು ಅವನಿಗೆ ಹೊಲಿಸಿದಂತೆ ಹೊಂದಿತು. ಲೈಸೆನ್ಸಿಲ್ಲದೆ ಓಡಿಸಿ ಗೇಟಿನ ಕಂಬಕ್ಕೆ ಗುದ್ದಿದಾಗ ಅಪ್ಪ ನಕ್ಕು, ಕಲಿಯುವವರು ಗುದ್ದುತ್ತಾರೆಂದ. ಲೈಸೆನ್ಸಿದ್ದವಳು ಗೀರೂ ಬೀಳದಂತೆ ಓಡಿಸಿದ್ದಳು. ನಾನು ಅವ್ವನ ಎತ್ತರಕ್ಕೇ ನಿಂತೆ. ಬೆನ್ನಿಗೆ ದಿಂಬು ಇಟ್ಟುಕೊಂಡರೆ ಕಾಲು ಎಟುಕುತ್ತದಲ್ಲ ಎಂದು ಒಮ್ಮೆ ಅವ್ವನಿಗೆ ಹೇಳಿದೆ. "ದಿಂಬ ಇಟಗೊಂಡ ಕುಂಡ್ರಾಕ ನಾ ಏನು ಬಾಣಂತಿ ಏನ?" ಎಂದಳು. ಅವಳು ಮತ್ತೆಂದೂ ಸ್ಟೀರಿಂಗು ಒರೆಸಲಿಲ್ಲ. ಆ ಕೆಲಸವನ್ನು ನನಗೂ ಬಿಡಲಿಲ್ಲ. ಧೂಳು ಕೂತರೆ ಕೂಡಲಿ ಎಂದಳು.

ಆ ದಿಂಬನ್ನು ಕೊನೆಗೆ ಇಟ್ಟುಕೊಂಡವಳು ನಾನು. ಅಪ್ಪ ನಿವೃತ್ತನಾದ ಕೆಲ ವರ್ಷಗಳ ಮೇಲೆ ಒಂದು ಬೆಳಗ್ಗೆ ಅವನ ಎಡಭಾಗ ಸ್ವಾಧೀನ ತಪ್ಪಿತು. ಮಿಲಿಂದ ಬೆಳಗಾವಿಯಲ್ಲಿ ಕೆಲಸದಲ್ಲಿದ್ದ. ನಾನು ಅಷ್ಟರಲ್ಲಿ ಹೋರಾಟದ ಸಂಘಟನೆಯೊಂದನ್ನು ಸೇರಿ, ಅದರ ಜೀಪು ಓಡಿಸಿ ಕಲಿತಿದ್ದೆ. ಅಪ್ಪನ ಕಿಸೆಯಿಂದ ಕೀಲಿಕೈ ತೆಗೆದು, ಅವನನ್ನು ಹಿಂದಿನ ಸೀಟಿನಲ್ಲಿ ಅವ್ವನ ತೊಡೆಗೆ ಒರಗಿಸಿ, ನನ್ನ ಬೆನ್ನಿಗೆ ದಿಂಬು ಕೊಟ್ಟು ಸ್ಟೀರಿಂಗಿನ ಮುಂದೆ ಕೂತೆ. ಕ್ಲಚ್ಚು ಒತ್ತಿದೊಡನೆ ದಿಂಬು ಕುಸಿದು ನಾನು ಹಿಂದಕ್ಕೆ ಜಾರಿದೆ; ಗಾಡಿ ಗೇಟಿನಲ್ಲೇ ನಿಂತಿತು. ಮತ್ತೊಮ್ಮೆ ಹಾಗೆಯೇ ಆಯಿತು. ಮೂರನೆಯ ಸಲ ನಾನು ಸ್ಟೀರಿಂಗಿಗೆ ಗುದ್ದಿ ಇಳಿದು ರಸ್ತೆಗೆ ಓಡಿ ಆಟೋ ತಂದೆ. ಅವನನ್ನು ಎತ್ತಿ ಕೂಡಿಸಿದಾಗ ಸೊಟ್ಟಗಾದ ಬಾಯಿಯಿಂದ ಏನೋ ಹೇಳಿದ. ಕ್ಷಮೆಯ ಮಾತಿರಬಹುದೆಂದು ಕಿವಿ ಹಚ್ಚಿದೆ.

"ತಾಡಪತ್ರಿ... ಮುಚ್ಚು."

ಕೆಂಪಿಗೆ ಬಿಸಿಲು ಬೀಳಬಾರದೆಂಬ ಚಿಂತೆ ಅದು. ತಾಡಪತ್ರಿ ಮುಚ್ಚಿಯೇ ಹೋದೆ. ಅದಾದ ಮೇಲೆ ಒಂದು ವರ್ಷ ಹಾಸಿಗೆಯಲ್ಲಿ ಬದುಕಿದ್ದ ಅಪ್ಪ ಆ ಬೆಸುಗೆಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅವನು ಹೋದ ಮೇಲಾದರೂ ಅದನ್ನು ಕೊರೆಸಬಹುದಿತ್ತು. ಜೀವಂತವಿದ್ದಾಗ ಅವನ ಗಾಡಿಯೆಂದು ಬಿಟ್ಟೆವು, ಸತ್ತ ಮೇಲೆ ಅವನ ನೆನಪೆಂದು ಬಿಟ್ಟೆವು. ಊರೂರು ತಿರುಗಿ ಅನ್ಯಾಯಗಳ ವಿರುದ್ಧ ಭಾಷಣ ಮಾಡುವ ನಾನು, ನಮ್ಮ ಅಂಗಳದಲ್ಲಿದ್ದ ಅನ್ಯಾಯಕ್ಕೆ ತಿಂಗಳಿಗೊಮ್ಮೆ ಎಂಜಿನು ಬಿಸಿ ಮಾಡಿಸಿ, ಗಾಲಿಗೆ ಗಾಳಿ ತುಂಬಿಸಿ ಕಾಪಾಡಿದೆ. ತಪ್ಪುಗಳ ಪಟ್ಟಿಯಲ್ಲಿ ಇದೂ ಸೇರಬೇಕು, ನನ್ನ ಹೆಸರಿನೊಂದಿಗೆ.

ಈ ವರ್ಷ ಮಿಲಿಂದ ಒಬ್ಬ ಗಿರಾಕಿಯನ್ನು ಕಳಿಸಿದ. ಆಕಾಶ ಎಂಬ ಇಪ್ಪತ್ತೈದರ ತರುಣ; ಹಳೆಯ ವೇಗದ ಗಾಡಿಗಳನ್ನು ಹುಡುಕಿ ತಂದು ಸಾಕುವ ಗೆಳೆಯರ ಗುಂಪಿನವನು. ತಾಡಪತ್ರಿ ಸರಿಸಿದೊಡನೆ ಅವನು ದೇವರ ಮುಂದೆ ಚಪ್ಪಲಿ ಬಿಡುವವನ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಅಕ್ಕಾರ, ಇದಕ್ಕ ಹಾಟ್ ಹ್ಯಾಚ್ ಅಂತಾರ್ರೀ, ಸಣ್ಣ ಗಾಡಿ, ದೊಡ್ಡ ಎಂಜಿನು. ಇಂಥಾದ್ದು ಈಗ ಹುಡಕಿದ್ರೂ ಸಿಗೂದಿಲ್ಲ. ಈಗಿನ ಗಾಡ್ಯಾಗ ಎಲ್ಲಾ ಕಂಪ್ಯೂಟರ ಹೊಡೀತೈತಿ, ನಾವು ಸುಮ್ಮ ಕುಂಡ್ರೂದು. ಇದರಾಗ ಹೊಡಿಯೋರಿಗೆ ಬೆಲೆ ಐತಿ ನೋಡ್ರಿ." ಬಗ್ಗಿ ಒಳಗೆ ನೋಡಿ, "ಅಯ್ಯ, ಸೀಟಿಗ್ಯಾಕ ವೆಲ್ಡಿಂಗ್ ಹೊಡಸ್ಯಾರ್ರೀ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಅವ್ವ, ಅರವತ್ತೈದು ದಾಟಿದ ಅವ್ವ, ಕಟ್ಟೆಯಿಂದ ಎದ್ದಳು.

"ತಮ್ಮಾ, ಮಾರೂದು ಬಿಡೂದು ಆಮ್ಯಾಲೆ. ಕಾಗದ ನನ್ನ ಹೆಸರ್ಲೆ ಐತಿ, ಸಹಿ ನನ್ದ ಬೇಕು. ಮೊದಲ ಗಾಡಿ ದಸ್ತಗೀರನ ಗ್ಯಾರೇಜಿಗೆ ನಡಿಸು. ನಾವು ಹಿಂದ ಕುಂಡ್ರತೇವಿ. ಇದ ಕಡೀ ಸಲ."

ದಸ್ತಗೀರ ಮಿಸ್ತ್ರಿಯ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗ್ಯಾರೇಜಿನ ಹಿಂದಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆವು. ಅವನು ಬಗ್ಗಿ ತನ್ನದೇ ಬೆಸುಗೆಯನ್ನು ಬೆರಳಿನಿಂದ ಸವರಿದ.

"ಭಾಬೀ, ಅವತ್ತ ನಾ ಬ್ಯಾಡ ಅಂದಿದ್ದೆ."

"ಬ್ಯಾಡ ಅಂದಿ, ಆದ್ರ ಹೊಡದಿ," ಎಂದಳು ಅವ್ವ. "ಈಗ ಕೊಯ್ಯಿ."

ಕೊಯ್ಯುವ ಗಾಲಿ ಕಿರುಚಿತು, ಕಿಡಿ ಹಾರಿತು. ಈ ಸಲ ಅವ್ವನೂ ನೋಡಿದಳು. ಹಳೆಯ ಗಾಡಿಯೊಂದರಿಂದ ತೆಗೆದ ಕಂಬಿ ಕೂಡಿಸಿ, ಸೀಟು ಸರಿಯುವ ಹಳಿಗೆ ಎಣ್ಣೆ ಬಿಟ್ಟು, ಮಿಸ್ತ್ರಿ ಪಕ್ಕಕ್ಕೆ ಸರಿದು ನಿಂತ. ಅವ್ವ ಕೂತಳು. ಕೆಳಗೆ ಕೈಹಾಕಿದಳು. ಸೀಟು ಒಮ್ಮೆ ಮುಷ್ಕರ ಹೂಡಿ, ಆಮೇಲೆ ಕಟ್ ಕಟ್ ಕಟ್ ಎಂದು ಮುಂದೆ ಬಂತು. ಅವಳ ಲೈಸೆನ್ಸಿನ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ರಸ್ತೆಗೆ ಇಳಿಯುವಂತಿಲ್ಲವೆಂದು ನಾನು ಎಚ್ಚರಿಸಿದೆ. ಅಂಗಳಕ್ಕೆ ಯಾವ ಲೈಸೆನ್ಸೂ ಬೇಡವೆಂದು ಮಿಸ್ತ್ರಿ ಗೇಟು ಮುಚ್ಚಿದ. ಅವ್ವ ಬೇವಿನ ಮರವನ್ನು ಒಂದನೆಯ ಗೇರಿನಲ್ಲಿ ಒಂದು ಸುತ್ತು ಹಾಕಿದಳು, ಎರಡನೆಯದರಲ್ಲಿ ಎರಡು ಸುತ್ತು. ಒಂದು ಸಲವೂ ಗಾಡಿ ನಿಲ್ಲಲಿಲ್ಲ. ಅವಳು ನಗಲಿಲ್ಲ, ನವಲೂರಿನ ಏರಿನ ನಗು ಇನ್ನೊಮ್ಮೆ ಬರಲಿಲ್ಲ. ಅದನ್ನು ನಾನು ಯಾರಿಗೂ ಕ್ಷಮಿಸುವುದಿಲ್ಲ.

ಅವಳು ಇಳಿದೊಡನೆ ಆಕಾಶ ಆಸೆ ತಡೆಯಲಾರದೆ ಒಳನುಗ್ಗಿ ಕೂತ. ಅವನ ಮೊಣಕಾಲು ಸ್ಟೀರಿಂಗಿನ ಕೆಳಗೆ ಧಡ್ಡೆಂದು ಬಡಿಯಿತು. ನಗುತ್ತ, ನೋವಿಗೆ ಮುಖ ಹಿಂಡುತ್ತ, ಅವನು ಸೀಟಿನ ಕೆಳಗಿನ ಕಂಬಿಗೆ ಕೈಹಾಕಿದ.

"ಅದನ್ನ ಮುಟ್ಟಬ್ಯಾಡ ತಮ್ಮಾ," ಎಂದಳು ಅವ್ವ.

"ಹಿಂದ ಸರಸ್ತೇನ್ರೀ ಅಮ್ಮಾರ, ಕಾಲ ಹಿಡಸವಲ್ದು."

"ಕಾಲ ಹಿಡಸಲಿಲ್ಲಂದ್ರ ಇಳಿ. ಅದು ನಮ್ಮ ಅಳತಿಗೆ ಐತಿ."

ಅವನು ನನ್ನ ಮುಖ ನೋಡಿದ, ಮಿಸ್ತ್ರಿಯ ಮುಖ ನೋಡಿದ, ಆಮೇಲೆ ಇಳಿದ. ಅವ್ವ ಸಹಿಗೆಂದು ತಂದಿದ್ದ ಆರ್.ಸಿ. ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿ, ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, ಮುಂದಿನ ಎಡಬಾಗಿಲು ತಾನೇ ತೆರೆದು ಕೂತಳು. ನಾನು ಕೂತು ಕ್ಲಚ್ಚು ಒತ್ತಿದೆ. ಕಾಲು ಕೊನೆಯತನಕ ಹೋಯಿತು.